ಛತ್ರಿ ಯಾವ ಬಣ್ಣ?

ಯೊಕೊಹಾಮಾದ ಶಾಲೆಯಲ್ಲಿ, ಜಪಾನ್ ಹೊಸದಾಗತೊಡಗಿದ ಮೇಜಿ ದೊರೆಯ ಕಾಲದ ಚರಿತ್ರೆ ಕಲಿಸುವ ಇನಗಾಕಿ ಮೇಷ್ಟ್ರಿಗೆ ಪಠ್ಯಪುಸ್ತಕ ಕಂಡರೆ ಮೈಯೆಲ್ಲ ಉರಿ. ತರಗತಿಗೆ ಬಂದವರೇ ಮರದಚ್ಚಿನ ಹಳೆಯ ಚಿತ್ರವೊಂದನ್ನು ಗೋಡೆಗೆ ನೇತುಹಾಕಿ, "ಇಸವಿ ಆಮೇಲೆ ಉರು ಹೊಡೀರಿ, ಮೊದ್ಲು ಕಣ್ಣು ಬಿಟ್ಟು ನೋಡ್ರೋ" ಎನ್ನುವರು. ದೇಶಕ್ಕೆ ರೈಲು ಬರುವ ಮೊದಲೇ, ಯಾರೋ ಹೇಳಿದ್ದನ್ನು ಕೇಳಿ ಕಲಾವಿದನೊಬ್ಬ ಬರೆದ ರೈಲಿನ ಚಿತ್ರವೆಂದರೆ ಅವರಿಗೆ ಪ್ರಾಣ. ಅದರ ಗಾಲಿ ಎತ್ತಿನ ಗಾಡಿಯದು, ಹೊಗೆ ರೈಲಿಗಿಂತ ಮುಂದೆ ಓಡುತ್ತದೆ. ಮಕ್ಕಳು ಬಿದ್ದು ಬಿದ್ದು ನಕ್ಕರೆ, "ನಗ್ರಿ ನಗ್ರಿ, ಇಡೀ ದೇಶ ಹೊಸದಾಗಿದ್ದೇ ಹೀಗೆ, ಅಂದಾಜಿನ ಮೇಲೆ" ಎಂದು ತಾವೂ ಹೊಟ್ಟೆ ಕುಣಿಸುವರು. ಆಮೇಲೆ ಮಕ್ಕಳು ಚಿತ್ರದ ಬಣ್ಣ ಹೇಳುವ ಸರದಿ. ಬರೀ ಕೆಂಪು ಎಂದರೆ ಬಿಡುವವರಲ್ಲ. ಅಂಚೆ ಡಬ್ಬಿಯ ಕೆಂಪೋ, ಉಪ್ಪಿನಲ್ಲಿ ಹಾಕಿದ ಪ್ಲಮ್ ಹಣ್ಣಿನ ಕೆಂಪೋ ಹೇಳಲೇಬೇಕು. ಈ ಕಾಟಕ್ಕೆ ಬೇಸತ್ತ ತರಲೆ ಹುಡುಗಿ ಕೊಝುಯೆ ಒಂದು ದಿನ, ಹೊಸ ಚಿತ್ರದ ಹೆಂಗಸಿನ ಕೆಂಡದಂಥ ಕೆಂಪು ಛತ್ರಿ ತೋರಿಸಿ, "ಹಸಿರು, ಮೇಷ್ಟ್ರೇ! ಎಳೇ ಚಹಾ ಎಲೆ ಹಸಿರು" ಅಂದಳು. ಬೈಗುಳ ಬೀಳುತ್ತದೆಂದು ಎಲ್ಲರೂ ಬಾಯಿ ಮುಚ್ಚಿ ನಗುತ್ತಿದ್ದರೆ, ಮೇಷ್ಟ್ರು ಶ್ರದ್ಧೆಯಿಂದ ಹಲಗೆಯ ಮೇಲೆ 'ಹಸಿರು ಛತ್ರಿ' ಎಂದು ಬರೆದರು. ಬಾಯಿ ಮುಚ್ಚಿದ್ದ ಕೈಗಳೆಲ್ಲ ಕೆಳಗಿಳಿದವು. "ಅದು ಕೆಂಪು, ಮೇಷ್ಟ್ರೇ... ನಿಮ್ಗೆ ಕಾಣಲ್ವಾ?" ಎಂದಳು ಕೊಝುಯೆ, ಸಣ್ಣ ದನಿಯಲ್ಲಿ. "ಹುಟ್ಟಿದಾಗಿಂದ್ಲೂ ಕೆಂಪು ಹಸಿರು ಎರಡೂ ಒಂದೇ ಕಣಮ್ಮ ನಂಗೆ. ರೈಲು ನೋಡದೆ ರೈಲು ಬರೆದನಲ್ಲ, ಅವನ ಹಾಗೇ ನಾನೂ. ನೀವು ಹೇಳಿದ್ದೇ ನಂಬೋದು" ಎಂದು ನಕ್ಕ ಮೇಷ್ಟ್ರು, 'ಹಸಿರು' ಅಳಿಸಿ ಸೀಮೆಸುಣ್ಣ ಎತ್ತಿ ಹಿಡಿದರು. "ಎಲ್ಲಿ, ಎಂಥ ಕೆಂಪು ಹೇಳು?" ಗಂಟೆ ಹೊಡೆದರೂ ಅಂದು ಯಾರೂ ಏಳಲಿಲ್ಲ, ಆ ಛತ್ರಿಗೆ ತಕ್ಕ ಕೆಂಪನ್ನು ಇಡೀ ತರಗತಿ ಹುಡುಕುತ್ತಲೇ ಇತ್ತು.