ಓತಿಕ್ಯಾತವಿಲ್ಲದ ಬಂಡೆ

ಆಗಿನ್ನೂ ಎಲೆಕ್ಟ್ರಾನಿಕ್ ಸಿಟಿ ಅರ್ಧ ಹೊಲ, ಅರ್ಧ ಕಾಂಪೌಂಡು. ತೊಂಬತ್ತರ ದಶಕ. ಅಲ್ಲೊಂದು ಕಂಪನಿಯವರು ಕಟ್ಟಡಗಳ ನಡುವೆ ಹಳೇ ಬಂಡೆಯೊಂದನ್ನು ಅಂದಕ್ಕೆಂದು ಹಾಗೇ ಬಿಟ್ಟಿದ್ದರು. ಸುತ್ತ ಡಾಂಬರು, ಗೋಡೆ, ಆಚೆ ಲಾರಿಗಳು ಓಡೋ ರಸ್ತೆ. ಬಂಡೆಯ ಮೇಲಿನ ಓತಿಕ್ಯಾತಗಳು ಎಲ್ಲಿಗೂ ಹೋಗುವಂತಿರಲಿಲ್ಲ, ಇದ್ದವುಗಳಲ್ಲೇ ಸಂಬಂಧ ಬೆಳೆಸಬೇಕಿತ್ತು. ಇದರಿಂದ ಅವುಗಳ ತಳಿ ಸೊರಗ್ತಿದೆಯಾ ಅಂತ ನೋಡೋದು ನನ್ನ ಕೆಲಸ. ಒಳಗಿನವುಗಳ ಬಾಲದ ತುದಿಯನ್ನೂ ರಸ್ತೆಯಾಚೆಯವುಗಳ ಬಾಲದ ತುದಿಯನ್ನೂ ಲ್ಯಾಬಿಗೆ ತಂದು ವಂಶವಾಹಿ ಹೋಲಿಸಬೇಕಿತ್ತು.

ಅನುಮತಿಗೆ ಅಲೆದು ಅಲೆದು ಚಪ್ಪಲಿ ಸವೆಯಿತು. ಕೊನೆಗೂ ಒಳಗೆ ಹೋದರೆ, ಬಂಡೆಯನ್ನು ಮದುವೆಮನೆ ಅಂಗಳದ ಹಾಗೆ ಗುಡಿಸಿ ತೊಳೆದಿಟ್ಟಿದ್ದಾರೆ!

"ನೀವು ಬರ್ತೀರಿ ಅಂತ ನಿನ್ನೇನ ಸ್ವಚ್ಛ ಮಾಡಿಸೇನ್ರಿ ಮೇಡಂ," ಅಂದರು ಧಾರವಾಡ ಕಡೆಯ ಆಡಳಿತಾಧಿಕಾರಿ, ಹೆಮ್ಮೆಯಿಂದ. "ಆ ಓತಿಕ್ಯಾತ ಎಲ್ಲಾ ಹಿಡಿಸಿ ರಸ್ತೆ ಆಚೆ ಬಿಡಿಸೇನಿ."

"ಅಯ್ಯೋ ಸಾರ್, ನಾನು ಬಂದಿದ್ದೇ ಅವುಗಳನ್ನ ನೋಡೋಕೆ!"

"ಅಷ್ಟ ಏನ್ರಿ?" ಅಂದವರೇ ತೋಟದ ಮಾಲಿಯನ್ನು ಓಡಿಸಿದರು. ನನಗೆ ಕೊಟ್ಟ ಕಾಫಿ ಆರುವಷ್ಟರಲ್ಲಿ ಅವನು ರಸ್ತೆಯಾಚೆಯಿಂದ ಗೋಣಿಚೀಲದ ತುಂಬ ಓತಿಕ್ಯಾತ ತಂದ.

"ಇದರಲ್ಲಿ ನಿಮ್ಮ ಬಂಡೆಯವು ಯಾವುವಪ್ಪಾ?"

ಮಾಲಿ ಚೀಲದೊಳಗೆ ಇಣುಕಿದ. "ಎಲ್ಲಾ ಒಂದೇ ತರ ಅವೆ ಕಣಕ್ಕಾ. ಬೇಕಾದ್ದು ತಗಳಿ."

ವರ್ಷಗಟ್ಟಲೆ ಯಾವ ಓತಿಕ್ಯಾತವೂ ದಾಟದ ರಸ್ತೆಯನ್ನು ಇವರು ಎರಡು ಸಲ ದಾಟಿಸಿದ್ದರು. ಬೀಳ್ಕೊಡುವಾಗ ಅಧಿಕಾರಿ, "ಮುಂದಿನ ಸಲಾನೂ ಮೊದಲ ತಿಳಿಸಿ ಬರ್ರಿ," ಅಂದರು.

ಹೇಳದೆ ಹೋದರೆ ಗೇಟಲ್ಲಿ ಬಿಡೋದಿಲ್ಲ. ಹೇಳಿ ಹೋದರೆ ಒಳಗೆ ಓತಿಕ್ಯಾತ ಇರೋದಿಲ್ಲ.