ಹತ್ತು ಮಂಗಳವಾರಗಳ ಅಮೆರಿಕ

ಪರ್ತ್ ಸಿಟಿಯಲ್ಲಿ ನಾನು ಕೆಲಸ ಮಾಡುವ ಗ್ರಂಥಾಲಯಕ್ಕೆ ಕಳೆದ ತಿಂಗಳು ಯಾರೋ ಒಂದು ಪೆಟ್ಟಿಗೆ ಹಳೆಯ ಪುಸ್ತಕ ಕೊಟ್ಟುಹೋದರು. ಎಲ್ಲವೂ ಇತಿಹಾಸದವು. ಒಂದೊಂದನ್ನೇ ತೆಗೆದು ಧೂಳು ಒರೆಸುತ್ತಿದ್ದಾಗ ಒಂದರ ಒಳಗಿಂದ ಪಿನ್ ಹಾಕಿದ ನಾಲ್ಕು ಹಾಳೆಗಳು ಜಾರಿ ಬಿದ್ದವು. ಆಗೆಲ್ಲ ತರಗತಿಗಳಲ್ಲಿ ಹಂಚುತ್ತಿದ್ದ, ನೇರಳೆ ಶಾಯಿಯ ನಕಲು ಹಾಳೆಗಳು. ಇಷ್ಟು ವರ್ಷಗಳ ಮೇಲೆ ಅವುಗಳಲ್ಲಿ ವಾಸನೆ ಉಳಿದಿರಲಾರದು. ಆದರೂ ಮೂಗಿನ ಹತ್ತಿರ ಹಿಡಿದೆ. ಆಸ್ಪತ್ರೆಯ ಸ್ಪಿರಿಟ್ಟಿನಂಥ, ಸ್ವಲ್ಪ ಸಿಹಿಯಾದ ಆ ವಾಸನೆ ನನ್ನ ತಲೆಯೊಳಗಿಂದಲೇ ಬಂದಿರಬೇಕು. ಅದರ ಹಿಂದೆಯೇ ಆಂಟಿ ಬಂದರು.

ಆಗ ನಾವು ಅಡಿಲೇಡ್‌ನ ಪ್ರಾಸ್ಪೆಕ್ಟ್‌ನಲ್ಲಿದ್ದೆವು. ಎಪ್ಪತ್ತರ ದಶಕ ಮುಗಿಯುತ್ತಿತ್ತು. ನನಗೆ ಹದಿನೆಂಟು ವರ್ಷ, ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ. ಆಂಟಿಯ ಮನೆ ನಮ್ಮದರಿಂದ ಎರಡು ರಸ್ತೆ ಆಚೆ ಇತ್ತು. ಅವರ ಗಂಡ ಅಪ್ಪನ ಆಸ್ಪತ್ರೆಯಲ್ಲೇ ಡಾಕ್ಟರು. ಕರ್ನಾಟಕದಿಂದ ಬಂದ ಏಳೆಂಟು ಡಾಕ್ಟರ ಕುಟುಂಬಗಳು ಅಲ್ಲಿದ್ದವು. ಆ ಮನೆಗಳ ಹೆಂಗಸರು ಯಾರೇ ಆಗಿರಲಿ, ಎಲ್ಲರ ಪರಿಚಯವೂ ಒಂದೇ ಆಗಿತ್ತು, ಡಾಕ್ಟರ ಹೆಂಡತಿ. ಆಂಟಿ ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮಾಡಿ, ಮದುವೆಗೆ ಮುಂಚೆ ಎರಡು ವರ್ಷ ಹುಡುಗಿಯರ ಕಾಲೇಜಿನಲ್ಲಿ ಪಾಠ ಹೇಳಿದ್ದರೆಂಬುದು ನನಗೆ ಗೊತ್ತಾದದ್ದೇ ತಡವಾಗಿ.

ಅಂಕಲ್ ಕೆಟ್ಟವರಲ್ಲ. ಅವರು ಧ್ವನಿ ಎತ್ತಿದ್ದನ್ನು ನಾನು ಕೇಳಿಯೇ ಇಲ್ಲ. ಶನಿವಾರ ಆಂಟಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ತರಕಾರಿಯನ್ನು ತಾವೇ ಆರಿಸುತ್ತಿದ್ದರು. ಪ್ರತಿದಿನ ಬೆಳಿಗ್ಗೆ ಹನ್ನೊಂದಕ್ಕೂ ಮಧ್ಯಾಹ್ನ ಮೂರಕ್ಕೂ ಆಸ್ಪತ್ರೆಯಿಂದ ಮನೆಗೆ ಫೋನ್ ಮಾಡುತ್ತಿದ್ದರು. ವಿಶೇಷವೇನೂ ಇರುತ್ತಿರಲಿಲ್ಲ, ಆಂಟಿ ಫೋನ್ ಎತ್ತಬೇಕು, ಅಷ್ಟೇ. ಒಮ್ಮೆ ಅಮ್ಮ ಊಟದ ಹೊತ್ತಿನಲ್ಲಿ, "ಇವಳು ಇಲ್ಲಿ ಟೀಚರ್ ಕೆಲಸಕ್ಕೆ ಸೇರಬಹುದಲ್ಲ" ಎಂದಾಗ ಅಂಕಲ್ ನಕ್ಕರು.

"ಡಾಕ್ಟರ ಹೆಂಡತಿ ಕೆಲಸಕ್ಕೆ ಹೋದ್ರೆ ಜನ ಏನಂತಾರೆ ಅಕ್ಕ? ಪಾಪ, ಡಾಕ್ಟರ ಸಂಬಳ ಸಾಲ್ತಿಲ್ಲ ಅಂತಾರೆ. ಮನೇಲಿ ಇವಳಿಗೇನು ಕಡಿಮೆ ಆಗಿದೆ?"

ಆಂಟಿ ಸಾರು ಬಡಿಸುತ್ತಿದ್ದರು. ಸೌಟು ನಿಲ್ಲಲಿಲ್ಲ.

ಅದಾದ ಎರಡು ವಾರಕ್ಕೆ ಆಂಟಿ ಮತ್ತು ಅಮ್ಮ ಸೇರಿ ಒಂದು ಏರ್ಪಾಡು ಮಾಡಿದರು. ಶಿಕ್ಷಕಿಯರ ಒಂದು ವರ್ಷದ ಡಿಪ್ಲೊಮಾಕ್ಕೆ ಆಂಟಿ ಅರ್ಜಿ ಹಾಕಬಹುದಿತ್ತು. ಆದರೆ ಮೈಸೂರಿನ ಎಂ.ಎ. ಜೊತೆಗೆ ಇಲ್ಲಿಯದೇ ಒಂದು ಇತಿಹಾಸದ ಕೋರ್ಸು ಪಾಸಾಗಿರಬೇಕು ಎಂದು ಆಫೀಸಿನವರು ಹೇಳಿದ್ದರು. ಮಂಗಳವಾರಗಳಂದು ಅಂಕಲ್ ದೂರದ ಊರಿನ ಕ್ಲಿನಿಕ್ಕಿಗೆ ಹೋಗಿ ಆರು ಗಂಟೆಗೆ ಬರುತ್ತಿದ್ದರು. ಮಂಗಳವಾರ ಮಧ್ಯಾಹ್ನಕ್ಕೆ ಇದ್ದ ಇತಿಹಾಸದ ತರಗತಿ ಒಂದೇ, ಅಮೆರಿಕದ ಇತಿಹಾಸದ ತಿರುವುಗಳು. ಹತ್ತು ವಾರ.

"ವಿಜಯನಗರ ಓದಿದೋಳು ಆಸ್ಟ್ರೇಲಿಯಾಕ್ಕೆ ಬಂದು ಅಮೆರಿಕ ಓದ್ಬೇಕಂತೆ ಕಣೇ" ಎಂದು ಆಂಟಿ ನನ್ನ ಭುಜ ತಟ್ಟಿದರು. ಅವರು ಅಷ್ಟು ಜೋರಾಗಿ ನಗಬಲ್ಲರೆಂದು ನನಗೆ ಅಂದೇ ಗೊತ್ತಾದದ್ದು.

ಮಂಗಳವಾರ ಅಮ್ಮನ ಹತ್ತಿರ ಹೊಲಿಗೆ ಕಲಿಯುತ್ತೇನೆಂದು ಅವರು ಅಂಕಲ್‌ಗೆ ಹೇಳಿದರು. ಪುಸ್ತಕಗಳು ನನ್ನ ಮಂಚದ ಕೆಳಗಿರುತ್ತಿದ್ದವು. ಕಾಗದಗಳು ನಮ್ಮ ವಿಳಾಸಕ್ಕೆ ಬರುತ್ತಿದ್ದವು. ಆಂಟಿ ಹನ್ನೆರಡಕ್ಕೆ ನಮ್ಮ ಮನೆಗೆ ಬಂದು, ಚಪ್ಪಲಿ ಬಿಟ್ಟು ಅಮ್ಮನ ಶೂ ಹಾಕಿಕೊಂಡು, ಸೀರೆಯ ಮೇಲೆ ಕಾರ್ಡಿಗನ್ ತೊಟ್ಟು ಬಸ್ಸಿಗೆ ಓಡುತ್ತಿದ್ದರು. ನನಗೆ ಆ ಮಧ್ಯಾಹ್ನ ಕ್ಲಾಸಿರುತ್ತಿರಲಿಲ್ಲ. ಮಂಗಳವಾರ ಅಂಕಲ್ ಕ್ಲಿನಿಕ್ಕಿನಿಂದ ನಮ್ಮ ಮನೆಗೇ ಮಾಡುತ್ತಿದ್ದ ಮೂರು ಗಂಟೆಯ ಫೋನ್ ಎತ್ತುವುದು ನನ್ನ ಕೆಲಸ.

"ಏನಮ್ಮಾ, ಆಂಟಿ ಇದಾಳಾ?"

"ಮೆಷಿನ್ ಹತ್ರ ಕೂತಿದಾರೆ ಅಂಕಲ್. ಕರೀಲಾ?"

"ಬೇಡ ಬೇಡ. ಇದಾಳಲ್ಲ, ಸಾಕು. ಏನು ಹೊಲೀತಿದಾಳೆ?"

"ಕರ್ಟನ್, ಅಂಕಲ್."

ಕರೀಲಾ ಎಂದು ಕೇಳಿದ ಮೇಲೆ ಅವರು ಬೇಡ ಎನ್ನುವವರೆಗಿನ ಆ ಒಂದು ಕ್ಷಣ ಫೋನಿನ ವೈರನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದೆ. ಆದರೆ ಕೇಳದಿದ್ದರೆ ಅನುಮಾನ ಬರುತ್ತದೆಂದು ಪ್ರತಿವಾರವೂ ಕೇಳುತ್ತಿದ್ದೆ. ಆರನೆಯ ವಾರ ಅಂಕಲ್, "ಇನ್ನೂ ಕರ್ಟನ್ನೇನಾ? ಅರಮನೆಗಾ?" ಎಂದರು. ಅಮ್ಮ ಗಾಬರಿಯಾಗಿ ಎರಡು ರಾತ್ರಿ ಕೂತು ನಿಜವಾಗಿ ಪರದೆಗಳನ್ನು ಹೊಲಿದರು. ದಪ್ಪ ಕಂದು ಬಟ್ಟೆಯವು. ಅಂಕಲ್‌ಗೆ ಬಹಳ ಇಷ್ಟವಾಗಿ ಮನೆಯ ಎಲ್ಲ ಕಿಟಕಿಗೂ ಹಾಕಿಸಿದರು. ಆಮೇಲೆ ಆ ಮನೆಗೆ ಹೋದಾಗಲೆಲ್ಲ ಹಗಲಲ್ಲೂ ದೀಪ ಉರಿಯುತ್ತಿತ್ತು.

ತರಗತಿಯಿಂದ ಬಂದವರು ನೇರಳೆ ಹಾಳೆಗಳನ್ನು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಹರಡುತ್ತಿದ್ದರು. ಒಂದೊಂದು ವಾರಕ್ಕೆ ಒಂದೊಂದು ತಿರುವು. ಸ್ವಾತಂತ್ರ್ಯದ ಘೋಷಣೆ, ಅಂತರ್ಯುದ್ಧ, ಹೆಂಗಸರಿಗೆ ಮತದ ಹಕ್ಕು, ಬ್ಯಾಂಕುಗಳು ಮುಳುಗಿದ ವರ್ಷಗಳು, ಬಸ್ಸಿನ ಸೀಟಿಗಾಗಿ ಒಂದು ಊರಿನ ಕಪ್ಪು ಜನ ವರ್ಷವಿಡೀ ನಡೆದು ಓಡಾಡಿದ್ದು... ಅಷ್ಟನ್ನೂ ಅವರು ಕಾಫಿ ಆರುವುದರೊಳಗೆ ನನಗೆ ಪಾಠ ಮಾಡಿಬಿಡುತ್ತಿದ್ದರು. ಒಳ್ಳೆಯ ಮೇಷ್ಟ್ರು ಎಂದರೆ ಏನೆಂದು ನಾನು ಕಂಡದ್ದು ವಿಶ್ವವಿದ್ಯಾಲಯದಲ್ಲಲ್ಲ, ಆ ಮೇಜಿನ ಬಳಿ.

ಕೊನೆಯ ಪ್ರಬಂಧಕ್ಕೆ ಅವರು ಗುಲಾಮರ ಬಿಡುಗಡೆಯನ್ನು ಆರಿಸಿಕೊಂಡರು. ಬಿಡುಗಡೆಯ ಘೋಷಣೆ ಹೊರಟದ್ದು ೧೮೬೩ರ ಜನವರಿಯಲ್ಲಿ. ಟೆಕ್ಸಾಸ್‌ನ ಒಂದು ಬಂದರಿಗೆ ಸೈನಿಕರು ಬಂದು ಅದನ್ನು ಓದಿ ಹೇಳಿದ್ದು ೧೮೬೫ರ ಜೂನ್‌ನಲ್ಲಿ.

"ಆ ಎರಡೂವರೆ ವರ್ಷ ಅವರು ಏನಾಗಿದ್ರು, ಹೇಳು. ಸ್ವತಂತ್ರರಾ? ಗುಲಾಮರಾ?"

"ಕಾನೂನಿನ ಪ್ರಕಾರ ಸ್ವತಂತ್ರರು ಆಂಟಿ. ತಾರೀಖು ಇದೆಯಲ್ಲ."

"ಹತ್ತಿ ಬಿಡಿಸ್ತಿದ್ದೋರಿಗೆ ನಿನ್ನ ತಾರೀಖು ಯಾರು ಹೇಳಿದ್ರು? ಒಡೆಯನಿಗೆ ಗೊತ್ತಿತ್ತು ಕಣೇ. ಗೊತ್ತಿದ್ದೂ ಸುಮ್ನಿದ್ದ."

ನಾನು ಅವರ ಮುಖವನ್ನೇ ನೋಡುತ್ತಿದ್ದಿರಬೇಕು. ಅವರು ಥಟ್ಟನೆ, "ಹಾಗೆ ನೋಡ್ಬೇಡ. ನನ್ನದನ್ನ ಅದಕ್ಕೆ ಹೋಲಿಸಿದ್ರೆ ಪಾಪ ಬರುತ್ತೆ. ನನಗೆ ಊಟ ಇದೆ, ಹಾಸಿಗೆ ಇದೆ, ಯಾರೂ ಕೈ ಎತ್ತಲ್ಲ" ಎಂದರು. ಹಾಳೆಗಳನ್ನು ಜೋಡಿಸಿಡುತ್ತಾ, "ಅದಕ್ಕೇ ಯಾರ ಹತ್ರಾನೂ ಏನೂ ಹೇಳೋಕಾಗಲ್ಲ" ಎಂದರು.

ಪ್ರಬಂಧಕ್ಕೆ ತರಗತಿಯಲ್ಲೇ ಹೆಚ್ಚಿನ ಅಂಕ ಬಂತು. ಅರ್ಜಿ ಹೋಯಿತು. ಉತ್ತರ ಜನವರಿಯ ಒಂದು ಶುಕ್ರವಾರ, ಸುಡುವ ಬಿಸಿಲಿನಲ್ಲಿ, ನಮ್ಮ ಮನೆಗೆ ಬಂತು. ಡಿಪ್ಲೊಮಾಕ್ಕೆ ಸೀಟು ಸಿಕ್ಕಿದೆ, ಹದಿನೈದು ದಿನದೊಳಗೆ ಸಹಿ ಮಾಡಿ ಕಳಿಸಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ. ಆಂಟಿಯೇ ಹೇಳಿಟ್ಟಿದ್ದರಿಂದ ನಾವು ಲಕೋಟೆ ಒಡೆದು ನೋಡಿ, ಮತ್ತೆ ಅದರೊಳಗೇ ಇಟ್ಟೆವು. ಅಂದು ಸಂಜೆಯ ರೈಲಿಗೆ ನಾವು ಮೂರು ವಾರಕ್ಕೆ ಮೆಲ್ಬರ್ನ್‌ಗೆ ಹೊರಟಿದ್ದೆವು. ಅಂಕಲ್‌ಗೆ ಆ ವಾರ ರಜೆ, ಇಡೀ ದಿನ ಮನೆಯಲ್ಲೇ. ಫೋನ್ ಮಾಡಿದರೆ ಅವರೇ ಎತ್ತುತ್ತಿದ್ದರು. ಅಮ್ಮ ಸೂಟ್‌ಕೇಸ್ ತುಂಬುತ್ತಾ, "ಹೇಗಾದ್ರೂ ಮಾಡಿ ಅವಳ ಕೈಗೆ ಸೇರಿಸು" ಎಂದರು.

ಆಂಟಿ ಕೋಡುಬಳೆ ಕಳಿಸಿದ್ದ ಸ್ಟೀಲ್ ಡಬ್ಬ ನಮ್ಮ ಮನೆಯಲ್ಲಿತ್ತು. ಬಂದ ಡಬ್ಬವನ್ನು ನಮ್ಮವರು ಯಾರೂ ಖಾಲಿ ಹಿಂದಿರುಗಿಸುವುದಿಲ್ಲ. ಅಮ್ಮ ಅದಕ್ಕೆಂದು ರವೆ ಉಂಡೆ ಕಟ್ಟಿಟ್ಟಿದ್ದರು. ಹೆಂಗಸರ ನಡುವೆ ಓಡಾಡುವ ಡಬ್ಬದ ಮುಚ್ಚಳವನ್ನು ಗಂಡಸರು ತೆಗೆಯುವುದಿಲ್ಲ ಎಂದು ನಾನು ಎಣಿಸಿದೆ. ತಮ್ಮ ನೀರನ್ನು ತಾವೇ ಬಗ್ಗಿಸಿಕೊಳ್ಳದ ಅಂಕಲ್ ಅಡುಗೆಮನೆಯ ಡಬ್ಬ ನೋಡುವರೇ? ತಳದಲ್ಲಿ ಲಕೋಟೆ, ಅದರ ಮೇಲೆ ಬೆಣ್ಣೆ ಕಾಗದ, ಅದರ ಮೇಲೆ ಉಂಡೆಗಳನ್ನು ಜೋಡಿಸಿದೆ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ ಎಂಬುದೂ ನೆನಪಿದೆ.

ಬಾಗಿಲು ತೆರೆದದ್ದು ಅಂಕಲ್. ಆಂಟಿ ಸ್ನಾನಕ್ಕೆ ಹೋಗಿದ್ದರು. ಒಳಗಿಂದ ನೀರಿನ ಸದ್ದು ಕೇಳುತ್ತಿತ್ತು.

"ಆಂಟಿಗೆ ಕೊಡಿ ಅಂಕಲ್" ಎಂದೆ.

"ಯಾಕೆ, ನಾನು ತಿನ್ನಬಾರ್ದಾ?" ಎಂದು ನಗುತ್ತಾ ಅಲ್ಲೇ ಮುಚ್ಚಳ ತೆಗೆದರು. "ಓಹೋ, ನಿಮ್ಮಮ್ಮನ ಕೈಯ ರವೆ ಉಂಡೆ!" ಒಂದನ್ನು ಬಾಯಿಗೆ ಹಾಕಿಕೊಂಡರು. ಇನ್ನೊಂದಕ್ಕೆ ಕೈ ಹಾಕಿದರು...

"ಹೋಗಿಬಾಮ್ಮ, ಟ್ರೈನಿಗೆ ಹೊತ್ತಾಗುತ್ತೆ" ಎಂದರು. ನಾನು ಬಂದುಬಿಟ್ಟೆ.

ಮೆಲ್ಬರ್ನ್‌ನಿಂದ ಮರಳಿದ ಮೇಲಿನ ಮೊದಲ ಮಂಗಳವಾರ ಆಂಟಿ ಬಂದರು. ಚಪ್ಪಲಿ ಬಿಡುತ್ತಲೇ, "ಕಾಗದ ಬಂತಾ?" ಎಂದು ಕೇಳಿದರು.

ಅಮ್ಮ ನನ್ನ ಕಡೆ ನೋಡಿದರು. ಡಬ್ಬದ ತಳದಲ್ಲಿ ಇಟ್ಟಿದ್ದೆ ಎಂದು ನಾನು ಹೇಳಿದೆ. ಆಂಟಿ ನಿಧಾನವಾಗಿ ಕುರ್ಚಿಯ ಮೇಲೆ ಕೂತರು.

"ಉಂಡೆ ಇತ್ತು. ಬೆಣ್ಣೆ ಕಾಗದಾನೂ ಇತ್ತು. ಬೇರೇನೂ ಇರ್ಲಿಲ್ಲ."

ಆ ಮೂರು ವಾರ ಅಂಕಲ್ ಎಂದಿಗಿಂತ ಪ್ರೀತಿಯಿಂದ ಇದ್ದರಂತೆ. ಗ್ಲೆನೆಲ್ಗ್‌ನ ಸಮುದ್ರ ತೋರಿಸಲು ಕರೆದುಕೊಂಡು ಹೋಗಿದ್ದರಂತೆ. ಬ್ರಿಸ್ಬೇನ್‌ನಲ್ಲಿ ಒಂದು ಕೆಲಸ ಖಾಲಿ ಇದೆ, ಒಪ್ಪಿಕೊಂಡೆ ಎಂದು ಅಲ್ಲಿಯೇ, ಐಸ್‌ಕ್ರೀಮ್ ಕೊಡಿಸುತ್ತಾ ಹೇಳಿದರಂತೆ. ಕಾಗದದ ಬಗ್ಗೆ ಒಂದು ಮಾತಿಲ್ಲ.

ಅಮ್ಮನ ಒತ್ತಾಯಕ್ಕೆ ಆಂಟಿ ನಮ್ಮ ಫೋನಿನಿಂದಲೇ ಡಿಪ್ಲೊಮಾದ ಆಫೀಸಿಗೆ ಕರೆ ಮಾಡಿದರು. ಸೀಟು ಬೇರೆಯವರಿಗೆ ಹೋಗಿತ್ತು. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ ಎಂದರಂತೆ. "ಥ್ಯಾಂಕ್ ಯೂ" ಎಂದು ಅವರು ಬಹಳ ಸ್ಪಷ್ಟವಾಗಿ ಹೇಳಿ ಇಟ್ಟರು.

"ಮನೇಗೆ ಹೋಗಿ ಕೇಳು ಅವನನ್ನ" ಎಂದರು ಅಮ್ಮ. ಅವರ ಮುಖ ಕೆಂಪಾಗಿತ್ತು.

"ಏನಂತ ಕೇಳ್ಲಿ ಅಕ್ಕ? ಹತ್ತು ವಾರ ಎಲ್ಲಿದ್ದೆ ಅಂತ ಅವರು ಕೇಳಿದ್ರೆ?"

ಅಷ್ಟರಲ್ಲಿ ಮೂರು ಹೊಡೆಯಿತು. ಫೋನ್ ಬಂತು. ನಾನೇ ಎತ್ತಿದೆ.

"ಆಂಟಿ ಇದಾಳಾ ಅಮ್ಮಾ? ಇವತ್ತೂ ಕರ್ಟನ್ನೇನಾ?" ಧ್ವನಿಯಲ್ಲಿ ಎಂದಿನದೇ ನಗು.

ಆಂಟಿ ಕೈಚಾಚಿ ರಿಸೀವರ್ ತೆಗೆದುಕೊಂಡರು. "ಹೂಂ" ಎಂದರು. ಮತ್ತೆ "ಹೂಂ" ಎಂದರು. "ಹೊರಟೆ" ಎಂದು ಇಟ್ಟು, ಚಪ್ಪಲಿ ಹಾಕಿಕೊಂಡರು. ಬಾಗಿಲಲ್ಲಿ ತಿರುಗಿ ನನಗೆ, "ಕೈಗೇ ಕೊಡ್ಬೇಕಿತ್ತು ಪುಟ್ಟಿ" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ಮಾರ್ಚ್‌ನಲ್ಲಿ ಅವರು ಬ್ರಿಸ್ಬೇನ್‌ಗೆ ಹೋದರು.

ಆರು ವರ್ಷದ ನಂತರ ಒಂದು ತರಬೇತಿಗೆಂದು ನಾನು ಬ್ರಿಸ್ಬೇನ್‌ಗೆ ಹೋದಾಗ ಆ ಮನೆ ಹುಡುಕಿಕೊಂಡು ಹೋದೆ. ಕಂಬಗಳ ಮೇಲೆ ನಿಂತ ಮರದ ಮನೆ, ಸುತ್ತ ವೆರಾಂಡ. ಆಂಟಿ ಸ್ವಲ್ಪ ದಪ್ಪಗಾಗಿದ್ದರು. ನನ್ನ ಗ್ರಂಥಾಲಯದ ಬಗ್ಗೆ ಒಂದೊಂದನ್ನೂ ಕೇಳಿದರು, ಪುಸ್ತಕ ಹೇಗೆ ಜೋಡಿಸುತ್ತೀರಿ, ಯಾರು ಆರಿಸುತ್ತಾರೆ, ನಿನಗೆ ಸ್ವಂತ ಮೇಜಿದೆಯಾ ಎಂದೆಲ್ಲ. ಮೂರು ಗಂಟೆಗೆ ಫೋನ್ ಬಂತು. ಅವರು ಎದ್ದು ಹೋಗಿ, "ಹೂಂ, ಇದೀನಿ" ಎಂದು ಬಂದು ಮತ್ತೆ ಕೂತರು.

ಇಲ್ಲಿ ಮತ್ತೆ ಅರ್ಜಿ ಹಾಕಲಿಲ್ಲವೇ ಎಂದು ಕೇಳಿದೆ.

"ಯಾರ ಮನೆ ವಿಳಾಸ ಕೊಡ್ಲಿ?" ಎಂದರು. ಕಾಫಿ ಲೋಟವನ್ನು ನನ್ನ ಮುಂದಿಟ್ಟು, "ಆ ಡಬ್ಬದ್ದು ಇನ್ನೂ ಮನಸ್ಸಲ್ಲಿ ಇಟ್ಕೊಂಡಿದೀಯಾ? ಬಿಡೇ. ಅವರು ಅದನ್ನ ನೋಡಿಬಿಡ್ತಾರೆ ಅಂತ ನಿನಗೇನು ಗೊತ್ತಿತ್ತು, ಪಾಪ" ಎಂದರು.

ನಾನು ತಲೆ ಆಡಿಸಿ ಕಾಫಿ ಕುಡಿದೆ.

ಹೋದ ವರ್ಷ ಚಳಿಗಾಲದಲ್ಲಿ ಅಮ್ಮ ಅಡಿಲೇಡ್‌ನಿಂದ ಫೋನ್ ಮಾಡಿ ಆಂಟಿ ಹೋಗಿಬಿಟ್ಟರೆಂದು ಹೇಳಿದರು. ಕಾಯಿಲೆ ಇದ್ದದ್ದೇ ಯಾರಿಗೂ ತಿಳಿದಿರಲಿಲ್ಲ. ಅವರಿಗೆ ನಲವತ್ತೇಳು. ಒಂದು ದಿನವೂ ಅವರು ಇಲ್ಲಿಯ ತರಗತಿಯಲ್ಲಿ ಬೋರ್ಡಿನ ಮುಂದೆ ನಿಲ್ಲಲಿಲ್ಲ. ನಾನು ಆಫೀಸಿನ ಕಿಟಕಿಯ ಬಳಿ ನಿಂತು, ಕೆಳಗೆ ಬಸ್ಸುಗಳು ಹೋಗುವುದನ್ನು ನೋಡುತ್ತಾ, ಅಮ್ಮ ಹೇಳಿದ್ದಕ್ಕೆಲ್ಲ ಹೂಂಗುಟ್ಟಿದೆ. ಅಮ್ಮನಿಗೂ ಹೇಳಲಿಲ್ಲ.

ನನಗೆ ಗೊತ್ತಿತ್ತು. ಎರಡನೆಯ ಉಂಡೆಯ ಜೊತೆಗೆ ಬೆಣ್ಣೆ ಕಾಗದ ಅಂಟಿಕೊಂಡು ಮೇಲೆ ಬಂದಿತ್ತು. ಅದರ ಕೆಳಗೆ ಲಕೋಟೆಯ ಮೂಲೆ, ಟೈಪ್ ಮಾಡಿದ ಆಂಟಿಯ ಹೆಸರು ಕಾಣುತ್ತಿತ್ತು. ಅಂಕಲ್ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ನೋಡಿದ್ದನ್ನೂ ಅವರು ಕಂಡರು. ಉಂಡೆಯನ್ನು ವಾಪಸ್ಸು ಇಟ್ಟು ಮುಚ್ಚಳ ಹಾಕಿದ ಮೇಲೆಯೇ ಅವರು ಹೋಗಿಬಾಮ್ಮ ಎಂದದ್ದು. ಒಳಗೆ ನೀರಿನ ಸದ್ದು ಆಗಲೇ ನಿಂತಿತ್ತು. ಒಮ್ಮೆ ಆಂಟೀ ಎಂದು ಕೂಗಿದ್ದರೆ ಅವರು ಹೊರಗೆ ಬರುತ್ತಿದ್ದರು.

ಮೆಲ್ಬರ್ನ್‌ನಲ್ಲಿ ನಾವು ಇಳಿದುಕೊಂಡಿದ್ದ ಮನೆಯ ತಿರುವಿನಲ್ಲೇ ಒಂದು ಫೋನ್ ಬೂತ್ ಇತ್ತು. ಅಂಕಲ್ ರಜೆ ಮುಗಿಸಿ ಆಸ್ಪತ್ರೆಗೆ ಹೋಗುವ ಹೊತ್ತು ನನಗೆ ಚೆನ್ನಾಗಿ ತಿಳಿದಿತ್ತು. ಹದಿನೈದು ದಿನದ ಗಡುವು ಮುಗಿಯಲು ಇನ್ನೂ ಒಂದು ವಾರ ಇತ್ತು. ನಾನು ಬೂತಿನ ಒಳಗೂ ಹೋಗಿದ್ದೆ, ಎರಡು ಸಲ. ನಂಬರ್ ತಿರುಗಿಸಲಿಲ್ಲ.