ಸ್ವಭಾವ ನೋಡಿ ಕಂಪ್ಯೂಟರ್ ಕೊಡುವವರು

ಕಳೆದ ತಿಂಗಳು ಒಂದು ಫಾರಂನಲ್ಲಿ ಹತ್ತು ಸುಳ್ಳು ಬರೆದೆ. ಅದಕ್ಕೆ ನನಗೆ ಕಂಪ್ಯೂಟರ್ ಸಿಕ್ಕಿತು.

ನಡೆದದ್ದು ಇಷ್ಟು. ನಮ್ಮ ಆಫೀಸಿನಲ್ಲಿ ಟೈಪ್‌ರೈಟರ್ ತೆಗೆದು ಕಂಪ್ಯೂಟರ್ ಇಡುತ್ತಾರಂತೆ. ಹಾಗಾಗಿ ಆರ್.ಟಿ. ನಗರದಲ್ಲಿ ಹೊಸದಾಗಿ ತೆರೆದ ಇನ್‌ಸ್ಟಿಟ್ಯೂಟಿಗೆ ಸೇರಿದೆ. (ನಲವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿನಿ.) ಪಾಠಕ್ಕೆ ಮೊದಲು ಅಲ್ಲಿನ ಸರ್ ಎಲ್ಲರಿಗೂ ಒಂದು ಫಾರಂ ಕೊಟ್ಟರು. ಹೊಸಬರೊಂದಿಗೆ ಮಾತಾಡುವುದು ಇಷ್ಟವೇ? ತಪ್ಪಾದರೆ ಹೆದರುತ್ತೀರಾ? ಸ್ವಭಾವ ಗೊತ್ತಾದರೆ ಯಾರು ಸಾಫ್ಟ್‌ವೇರ್ ಬೇಗ ಕಲಿಯುತ್ತಾರೆ ಎಂದು ಮೊದಲೇ ಹೇಳಬಹುದಂತೆ.

ಜಾತಕವನ್ನೇ ನಂಬದವಳು ನಾನು. ಇದನ್ನು ನಂಬುತ್ತೇನೆಯೇ? ಅವರಿಗೆ ಯಾವ ಉತ್ತರ ಬೇಕೋ ಅದನ್ನೇ ಬರೆದುಕೊಟ್ಟೆ.

ಪಕ್ಕದಲ್ಲಿದ್ದ ಶಾಹಿದಾ ನಿಜ ಬರೆದಳು. ಇಪ್ಪತ್ತರ ಹುಡುಗಿ, ಮಾತು ಬಹಳ ಕಡಿಮೆ. ಯಶವಂತಪುರದ ಫ್ಯಾಕ್ಟರಿಯೊಂದರಲ್ಲಿ ಅವಳಿಗೆ ಟೈಪಿಸ್ಟ್ ಕೆಲಸ ಸಿಗುವುದರಲ್ಲಿತ್ತು. ತಿಂಗಳೊಳಗೆ ಕಂಪ್ಯೂಟರ್ ಕಲಿತಿರಬೇಕು ಎನ್ನುವುದೊಂದೇ ಷರತ್ತು. ಹೊಸಬರೆಂದರೆ ಅಂಜಿಕೆ ಎಂದು ಬರೆದದ್ದಕ್ಕೆ ಸರ್ ಅವಳನ್ನು ಸ್ಲೋ ಬ್ಯಾಚ್‌ಗೆ ಹಾಕಿದರು.

ಸ್ಲೋ ಬ್ಯಾಚ್ ಎಂದರೇನು ಗೊತ್ತೇ? ಮೆಷಿನ್ ಮುಟ್ಟುವಂತಿಲ್ಲ. ಏಳು ಜನ ಹೊರಗಿನ ಬೆಂಚಿನಲ್ಲಿ ಕೂತು ಬೋರ್ಡಿನ ಮೇಲಿನ ಕಮಾಂಡ್‌ಗಳನ್ನು ನೋಟ್‌ಬುಕ್ಕಿಗೆ ಇಳಿಸಬೇಕು. ಚಪ್ಪಲಿ ಬಿಟ್ಟು ಎ.ಸಿ. ರೂಮಿನೊಳಗೆ ಹೋಗುವ ಯೋಗ ನಮ್ಮಂಥ ಧೈರ್ಯಸ್ಥರಿಗೆ ಮಾತ್ರ. ಹೀಗಾದರೆ ಅವರು ಹಿಂದೆ ಬೀಳದೆ ಇನ್ನೇನು? ಆಮೇಲೆ ‘ನಾನು ಮೊದಲೇ ಹೇಳಿರಲಿಲ್ಲವೇ’ ಎನ್ನಲು ಸರ್‌ಗೆ ಸುಲಭ.

ಮೂರನೇ ವಾರ, ನಾನು ಟೈಪ್ ಮಾಡುತ್ತಿದ್ದ ಪತ್ರ ಪರದೆಯಿಂದ ಮಾಯವಾಯಿತು. ಸರ್ ಟೀ ಕುಡಿಯಲು ಹೋಗಿದ್ದರು. ಅಕ್ಕಪಕ್ಕದ ಧೈರ್ಯಸ್ಥರು ಯಾವುದಾದರೂ ಕೀ ಒತ್ತಿ ನೋಡಿ ಎಂದರು. ನಾನು ಬಾಗಿಲು ತೆರೆದು ಶಾಹಿದಾಳನ್ನು ಕರೆದೆ. ಅವಳು ನೋಟ್‌ಬುಕ್ ಬಿಚ್ಚಿ, ಸಾಲಿನ ಮೇಲೆ ಬೆರಳಿಟ್ಟು ಓದಿಕೊಂಡು, ಒಂದೊಂದೇ ಕೀ ಒತ್ತಿದಳು. ಪುಣ್ಯಕ್ಕೆ ಪತ್ರ ಫ್ಲಾಪಿಯಲ್ಲಿ ಉಳಿದಿತ್ತು. ಹಸಿರು ಅಕ್ಷರಗಳು ವಾಪಸ್ ಬಂದವು. ಅವಳು ಆ ಮೆಷಿನ್ ಮುಟ್ಟಿದ್ದು ಅದೇ ಮೊದಲು.

ಅಷ್ಟರಲ್ಲಿ ಸರ್ ಬಂದರು. ಇವಳನ್ನು ಒಳಗೆ ಬಿಟ್ಟವರು ಯಾರೆಂದು ಕೇಳಿದರು. ಭಯದ ಸ್ವಭಾವದವರಿಗೆ ಇನ್ನೂ ಟೈಮ್ ಬೇಕು ಎಂದರು.

ಶಾಹಿದಾ ತಲೆ ಎತ್ತದೆ ಹೇಳಿದಳು: “ಸರ್, ನಂಗೆ ಭಯ ಇರೋದು ಜನ ಕಂಡ್ರೆ. ಇದನ್ನ ಕಂಡ್ರೆ ಅಲ್ಲ.”

ನನಗೆ ನಾಚಿಕೆಯಾಯಿತು. ಫಾರಂನಲ್ಲಿ ನಾನು ಬರೆದದ್ದೆಲ್ಲ ಸುಳ್ಳು ಎಂದು ಅಲ್ಲೇ ಒಪ್ಪಿಕೊಂಡೆ.

ಸರ್ ನಕ್ಕರು. “ಅದೂ ಒಂಥರಾ ಕಾನ್ಫಿಡೆನ್ಸೇ ಬಿಡಿ ಮೇಡಂ.”

ಉತ್ತರವೇ ಸುಳ್ಳೆಂದು ಗೊತ್ತಾದರೂ ಸೋಲದ ಇಂಥ ಲೆಕ್ಕಾಚಾರವನ್ನು ಏನೆನ್ನಬೇಕು?

ಮಾರನೇ ದಿನ ಶಾಹಿದಾಳಿಗೆ ನನ್ನ ಪಕ್ಕದ ಮೆಷಿನ್ ಕೊಟ್ಟರು. ಮೊನ್ನೆ ಸೋಮವಾರ ಅವಳು ಕೆಲಸಕ್ಕೂ ಸೇರಿದಳು. ಸರ್ ಮಾತ್ರ ಬದಲಾಗಿಲ್ಲ. ಇವಳೊಬ್ಬಳು ಬೇರೆ ಥರ, ಅಷ್ಟೇ ಅಂತೆ.

ಬೆಂಚಿನಲ್ಲಿ ಇನ್ನೂ ಆರು ಜನ ಇದ್ದಾರೆ. ಅವರಿಗೆ ಕಂಪ್ಯೂಟರ್ ಬರುವುದಿಲ್ಲವೋ, ಅಥವಾ ಯಾರೂ ಕೊಟ್ಟು ನೋಡಿಲ್ಲವೋ?